ಯಾರಿಗೆ ಎಂಬ ಸಾಲು

ಮಾರ್ಚ್ ೩, ಸೋಮವಾರ

ಅಂತೂ ಅಲ್ಪವಿರಾಮದ ಕಾಟ ಮುಗಿಯಿತು. ಮೂರು ವಾರದಿಂದ ಅದು ನನ್ನ ಪ್ರಾಣ ಹಿಂಡುತ್ತಿತ್ತು. ಯಾವನೋ ಪುಣ್ಯಾತ್ಮ ತನ್ನ ವಿಳಾಸ ಪುಸ್ತಕದಲ್ಲಿ ‘ಹಲ್ಲಿನ ಡಾಕ್ಟರು, ಮೂರನೇ ಮಹಡಿ’ ಎಂದು ಹೆಸರು ಬರೆದಿಟ್ಟುಕೊಂಡಿದ್ದಾನೆ. ನಮ್ಮ ಮೇಲ್ ಸಾಫ್ಟ್‌ವೇರ್ ಅಲ್ಪವಿರಾಮ ಕಂಡದ್ದೇ ತಡ, ಇವರು ಇಬ್ಬರು ಎಂದು ತೀರ್ಮಾನಿಸಿ, ಮೂರನೇ ಮಹಡಿಗೆ ವಿಳಾಸ ಇದೆ, ಹಲ್ಲಿನ ಡಾಕ್ಟರಿಗೆ ಇಲ್ಲ ಎಂದು ಹಟ ಹಿಡಿದಿತ್ತು. ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಬೀಳುವಂತೆ ಮಾಡಿ ಇಬ್ಬರನ್ನೂ ಮತ್ತೆ ಒಬ್ಬರನ್ನಾಗಿಸಿದೆ.

ಈ ಆವೃತ್ತಿಯಲ್ಲಿ ನನಗೆ ನಿಜವಾಗಿ ಹೆಮ್ಮೆ ಇರುವುದು ಬೇರೆ ಕೆಲಸದ ಬಗ್ಗೆ. ಮೇಲ್ ವಿಳಾಸಕ್ಕೆ ಎರಡು ಭಾಗ. ಒಂದು ನಿಜವಾದ ವಿಳಾಸ, ಯಂತ್ರಗಳು ನೋಡುವುದು ಅದನ್ನು ಮಾತ್ರ. ಇನ್ನೊಂದು ಅದರ ಮುಂದಿರುವ ಹೆಸರು, ಮನುಷ್ಯರು ಓದಲಿ ಎಂದು. ಆ ಹೆಸರನ್ನು ಯಾರೂ ಪರೀಕ್ಷಿಸುವುದಿಲ್ಲ. ಕಳ್ಳನೂ ಬ್ಯಾಂಕ್ ಮ್ಯಾನೇಜರ್ ಎಂದು ಬರೆದುಕೊಳ್ಳಬಹುದು. ಅದಕ್ಕೇ ಈ ಸಲ, ಕಳಿಸಿದವರು ತಮ್ಮನ್ನು ಏನೆಂದು ಕರೆದುಕೊಂಡರೂ ಸರಿ, ನೀವು ನಿಮ್ಮ ಪುಸ್ತಕದಲ್ಲಿ ಇಟ್ಟ ಹೆಸರೇ ಪರದೆಯ ಮೇಲೆ ಕಾಣುತ್ತದೆ. ಹನ್ನೆರಡನೇ ತಾರೀಕು ರಿಲೀಸ್. ಪ್ರಯೋಗದ ಆವೃತ್ತಿ ಇವತ್ತಿನಿಂದ ಆಫೀಸಿನ ಐದು ಜನರ ಕಂಪ್ಯೂಟರಿಗೆ ಹೋಗಿದೆ, ಆರನೆಯದಾಗಿ ಅಕ್ಕನ ಕಂಪ್ಯೂಟರಿಗೂ.

ನನ್ನ ಪುಸ್ತಕದಲ್ಲಿ ನಾನು ಇಟ್ಟಿರುವ ಹೆಸರುಗಳು ಒಂದಕ್ಕಿಂತ ಒಂದು ಸೊಗಸು. ಮ್ಯಾನೇಜರ್ ಹೆಸರು ‘ಬೇಗಬೇಗ’. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ನಮ್ಮ ಟೆಸ್ಟರ್ ‘ಅನುಮಾನದ ಪಿಶಾಚಿ’. ಅಕ್ಕ ‘ಗೋಳಿನ ಗಂಟು’. ಈ ದಿನಚರಿಯನ್ನೂ ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಇಲ್ಲೂ ಅವೇ ಹೆಸರುಗಳು ನಡೆಯಲಿ.

ಗೋಳಿನ ಗಂಟು ಇವತ್ತೂ ಬರೆದಿದ್ದಾಳೆ. ಭಾವ ಹೋದ ಮೇಲೆ ನಾಲ್ಕು ವರ್ಷದಿಂದ ದಿನಕ್ಕೊಂದು ಮೇಲ್, ಒಂದೊಂದೂ ಎರಡೆರಡು ಪುಟ. ಇವತ್ತಿನದು ಕಣ್ಣಿನದು. ಹದಿನಾಲ್ಕಕ್ಕೆ ಪೊರೆಯ ಆಪರೇಷನ್. ‘ಹಿಂದಿನ ದಿನ ಸಾಯಂಕಾಲಾನೇ ಬಂದುಬಿಡೇ, ಕೈ ಹಿಡ್ಕೊಂಡು ವಾಪಸ್ ಕರ್ಕೊಂಡು ಬರೋಕೆ ಒಬ್ರು ಬೇಕಂತೆ’ ಎಂದು ಬರೆದಿದ್ದಾಳೆ. ಹನ್ನೆರಡಕ್ಕೆ ರಿಲೀಸ್ ಇಟ್ಟುಕೊಂಡು ಹದಿಮೂರಕ್ಕೆ ಯಾರಾದರೂ ಊರು ಬಿಡುತ್ತಾರೆಯೇ?

ಮಾರ್ಚ್ ೫, ಬುಧವಾರ

ಪಿಶಾಚಿ ಇವತ್ತು ಹದಿನೇಳು ವರದಿ ಕಳಿಸಿದ್ದಾನೆ. ಹದಿನೇಳು. ಬಟನ್ನಿನ ಬಣ್ಣ ಸ್ವಲ್ಪ ತಿಳಿಯಾಯಿತು ಎನ್ನುವುದಕ್ಕೂ ಒಂದು ವರದಿ. ಒಂಬತ್ತನೆಯದರ ಮೊದಲ ಸಾಲು: ‘ವಿಳಾಸ ಪುಸ್ತಕದ ಹೆಸರಿನ ಬಗ್ಗೆ ಒಂದು ಸಂದೇಹ.’ ಇವನಿಗೆ ಸಂದೇಹ ಯಾವುದರ ಬಗ್ಗೆ ಇಲ್ಲ? ಒಂದು ಚಿತ್ರವನ್ನೂ ಲಗತ್ತಿಸಿದ್ದ. ಪುಸ್ತಕದ ಹೆಸರು ತೋರಿಸುವುದೇ ಈ ಆವೃತ್ತಿಯ ಉದ್ದೇಶ, ಇದು ದೋಷವಲ್ಲ ಎಂದು ಬರೆದು ಮುಚ್ಚಿದೆ.

ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ಒಂಬತ್ತನೇದು ಒಂದ್ಸಲ ನೋಡಿದ್ರೆ...”

“ನೋಡಿ ಆಯ್ತಲ್ರೀ.”

“ಚಿತ್ರ ತೆಗೆದು ನೋಡಿದ್ರಾ?”

“ಎಲ್ಲಾ ನೋಡಿದೀನಿ. ಇದ್ದದ್ದಕ್ಕೆಲ್ಲ ಹೀಗೆ ಅನುಮಾನ ಪಡ್ತಾ ಕೂತ್ರೆ ರಿಲೀಸ್ ಆಗೋದು ಯಾವಾಗ ಹೇಳಿ.”

ಸರಿ ಎಂದು ತಲೆ ಆಡಿಸಿ ಹೋದ. ಚಿತ್ರವನ್ನು ನಾನು ತೆಗೆದಿರಲಿಲ್ಲ. ಅದೇನು ದೊಡ್ಡ ಸುಳ್ಳಲ್ಲ.

ಗೋಳಿನ ಗಂಟು ಇವತ್ತು ಪಕ್ಕದ ಮನೆಯವಳ ನೀರಿನ ಪಂಪಿನ ಬಗ್ಗೆ ಒಂದು ಪುರಾಣವನ್ನೇ ಬರೆದಿದ್ದಾಳೆ. ಬೆಳಗಾಗುವ ಮುಂಚೆಯೇ ಶುರುವಾಗುತ್ತದಂತೆ, ಗೋಡೆ ನಡುಗುತ್ತದಂತೆ, ಹೊಲಿಗೆ ಯಂತ್ರದ ಮೇಲಿಟ್ಟ ಗುಂಡಿಗಳೆಲ್ಲ ಉರುಳಿ ಕೆಳಗೆ ಬೀಳುತ್ತವಂತೆ, ಈ ಕಣ್ಣಿನಲ್ಲಿ ಅವನ್ನು ಹುಡುಕುವುದು ಹೇಗಂತೆ. ಮೂರನೇ ಸಾಲಿಗೆ ಮುಚ್ಚಿದೆ. ಮುಚ್ಚುವ ಮುಂಚೆ ಕೊನೆಯ ಸಾಲಿಗೆ ಕಣ್ಣು ಓಡಿಸಿದೆ. ಬರ್ತೀಯಾ ಇಲ್ವಾ ಹೇಳು ಎಂದು ಮುಗಿಸಿದ್ದಾಳೆ.

ಮಾರ್ಚ್ ೭, ಶುಕ್ರವಾರ

ಅಕ್ಕನಿಗೆ ಉತ್ತರ ಹಾಕಿದೆ. ‘ರಿಲೀಸ್ ಇದೆ. ನೋಡ್ತೀನಿ.’ ಈ ವಾರ ಅವಳಿಗೆ ಬರೆದದ್ದು ಇದೊಂದೇ.

ಮಾರ್ಚ್ ೧೦, ಸೋಮವಾರ

ಪೀಡೆ ಕಳೆಯಿತು. ಶನಿವಾರ ಅಕ್ಕನ ಮೇಲ್ ಬಂದಿತ್ತು, ಇವತ್ತು ನೋಡಿದೆ. ‘ನೀನು ಬರೋದು ಬೇಡ. ಪಕ್ಕದ ಮನೆಯವಳು ಬರ್ತಾಳೆ.’ ಅಷ್ಟೇ, ಎರಡು ಸಾಲು. ನಿನ್ನೆ ಮೇಲೇ ಇಲ್ಲ. ಪಂಪಿನವಳೇ ಕೈ ಹಿಡಿದು ಕರೆದೊಯ್ಯುತ್ತಾಳೆ ಎಂದರೆ ಜಗಳ ಮುಗಿದಿರಬೇಕು. ಹೀಗೆ ಚುಟುಕಾಗಿ ಬರೆಯುವುದು ಅವಳಿಗೆ ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾಲ್ಕು ವರ್ಷ ಮೊದಲೇ ಕಲಿತಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೨, ಬುಧವಾರ

ರಿಲೀಸ್ ಆಯಿತು. ಬೇಗಬೇಗ ಎಲ್ಲರಿಗೂ ಚಹಾ ತರಿಸಿದ. ಕೆಳಗಿನ ಕನ್ನಡಿ ಅಂಗಡಿಯವರಿಗೂ ಒಂದೊಂದು ಲೋಟ ಹೋಯಿತು. ಪಿಶಾಚಿ ಮಾತ್ರ ಚಹಾ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದ, ಸಾವಿನ ಮನೆಗೆ ಬಂದವನ ಮುಖ ಹೊತ್ತು.

ಮಾರ್ಚ್ ೧೪, ಶುಕ್ರವಾರ

ಮಧ್ಯಾಹ್ನ ಮೂರಕ್ಕೆ ನೆನಪಾಯಿತು, ಇವತ್ತು ಅಕ್ಕನ ಆಪರೇಷನ್. ಫೋನ್ ಮಾಡೋಣ ಎನ್ನುವಷ್ಟರಲ್ಲಿ ಮೀಟಿಂಗ್. ಆಮೇಲೆ ಮಾಡಿದರೆ ಮಲಗಿರುತ್ತಾಳೆ ಎಂದುಕೊಂಡು ಬಿಟ್ಟೆ. ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಹೇಳಿಕಳಿಸುತ್ತಿದ್ದರು.

ಮಾರ್ಚ್ ೧೭, ಸೋಮವಾರ

ಬೆಳಗ್ಗೆಯಿಂದ ಆಫೀಸು ಸಂತೆಯಾಗಿದೆ. ದೂರು, ದೂರು, ದೂರು.

ಒಬ್ಬರು ವಕೀಲರು ಎದುರು ಪಕ್ಷದವರಿಗೆ ನೋಟಿಸ್ ಕಳಿಸಿದ್ದಾರೆ. ‘ಯಾರಿಗೆ’ ಎಂಬ ಸಾಲಿನಲ್ಲಿ ಹೋಗಿರುವುದು ‘ಸುಳ್ಳರ ಸರದಾರ’. ಒಬ್ಬ ಟೀಚರ್ ಪೋಷಕರಿಗೆ ಬರೆದ ಕಾಗದದಲ್ಲಿ ‘ಕಚ್ಚುವ ಹುಡುಗನ ಅಮ್ಮ’. ಮದುವೆ ಗೊತ್ತಾದ ಹೆಣ್ಣೊಬ್ಬಳು ಹುಡುಗನಿಗೆ ಬರೆದಿದ್ದಾಳೆ. ಅಲ್ಲಿ ಅವನ ಹೆಸರು ‘ಎರಡನೇ ಆಯ್ಕೆ’. ಜನ ತಮ್ಮ ಪುಸ್ತಕದಲ್ಲಿ ಗುಟ್ಟಾಗಿ ಇಟ್ಟುಕೊಂಡ ಹೆಸರೆಲ್ಲ ಮೇಲ್ ಜೊತೆ ಹೊರಟು, ಆ ಹೆಸರಿನವರ ಮುಂದೆಯೇ ಹೋಗಿ ನಿಂತಿದೆ.

ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಪರದೆಯ ಮೇಲೆ ತೋರಿಸುವ ಹೆಸರನ್ನು ನಾನು ಯಾವ ಜಾಗದಲ್ಲಿ ಇಟ್ಟಿದ್ದೆನೋ, ಕಳಿಸುವ ಕೋಡ್ ಕೂಡ ಅದೇ ಜಾಗದಿಂದ ಹೆಸರು ಎತ್ತಿಕೊಳ್ಳುತ್ತದೆ. ಎರಡು ಕಡೆ ಇಡಬೇಕಾದ್ದನ್ನು ಒಂದೇ ಕಡೆ ಇಟ್ಟು ಕೆಲಸ ಉಳಿಸಿದ್ದೆ.

ವಕೀಲರದ್ದನ್ನು ಓದಿ ನಾನು ನಕ್ಕಿದ್ದು ನಿಜ. ಹೆಸರಿಡುವಾಗ ನೆಟ್ಟಗೆ ಇಟ್ಟಿದ್ದರೆ ಈ ಫಜೀತಿ ಇರುತ್ತಿತ್ತೇ ಎಂದೂ ಅಂದೆ. ಅಷ್ಟರಲ್ಲಿ ಬೇಗಬೇಗ ಒಳಗಿನ ಕೋಣೆಯಿಂದ ಬಂದು ಎಲ್ಲರೆದುರು ಟೆಸ್ಟರ್ ಮೇಲೆ ಹರಿಹಾಯ್ದ. “ನಿಮ್ಮನ್ನ ಇಟ್ಕೊಂಡಿರೋದು ಯಾಕ್ರೀ? ಹದಿನೇಳು ವರದಿ ಬರೀತೀರಿ, ಇದೊಂದು ಕಾಣ್ಲಿಲ್ವಾ ಕಣ್ಣಿಗೆ?”

ಆತ ನನ್ನ ಕಡೆ ನೋಡಲಿಲ್ಲ. ‘ಗಮನಿಸಬೇಕಿತ್ತು ಸರ್’ ಎಂದಷ್ಟೇ ಹೇಳಿದ.

ನಾನು ಪರದೆಯ ಕಡೆ ತಿರುಗಿ ಮುಂದಿನ ದೂರು ತೆರೆದೆ. ಒಂಬತ್ತನೇ ವರದಿಯಲ್ಲಿ ಏನಿತ್ತು ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಒಂಬತ್ತನೇ ವರದಿ ತೆಗೆದು ನೋಡಿದೆ. ‘ಸ್ವಂತ ಪುಸ್ತಕದ ಹೆಸರು ಕಳಿಸಿದ ಮೇಲ್‌ನಲ್ಲೂ ಹೋಗುತ್ತಿದೆ. ಪಡೆದವರಿಗೆ ಕಾಣುತ್ತದೆ. ಜನರಿಗೆ ನೋವಾಗಬಹುದು.’ ಅದರ ಕೆಳಗೆ ಚಿತ್ರ. ಮಾರ್ಚ್ ನಾಲ್ಕರಂದು ನಾನು ಟೆಸ್ಟರ್‌ಗೆ ಕಳಿಸಿದ ಒಂದು ಮೇಲ್, ಅವರ ಪರದೆಯ ಮೇಲೆ ಕಂಡಂತೆ. ಯಾರಿಗೆ: ಅನುಮಾನದ ಪಿಶಾಚಿ.

ಅವರು ದೋಷ ಕಂಡುಹಿಡಿದದ್ದು ಹೀಗೆ. ಆ ಹೆಸರಿನ ಬಗ್ಗೆ ಒಂದು ಮಾತು ಬರೆಯದೆ ವರದಿ ಮಾಡಿದ್ದರು. ಅದನ್ನು ನನ್ನ ಕೈಯಿಂದ ಮುಚ್ಚಿಸಿಕೊಂಡು ಹೋಗಿದ್ದರು. ನಿನ್ನೆ ಬೈಸಿಕೊಂಡೂ ಸುಮ್ಮನಿದ್ದರು.

ನೇರ ಒಳಕೋಣೆಗೆ ಹೋಗಿ ಮ್ಯಾನೇಜರ್‌ಗೆ ಹೇಳಿದೆ. ವರದಿ ಬಂದಿತ್ತು, ಓದದೆ ಮುಚ್ಚಿದವಳು ನಾನು, ಅವರಿಗೆ ಎಲ್ಲರೆದುರು ಬೈದದ್ದಕ್ಕೆ ಎಲ್ಲರೆದುರೇ ಮಾತು ವಾಪಸ್ ತೆಗೆದುಕೊಳ್ಳಬೇಕು ಎಂದೆ. ಮ್ಯಾನೇಜರ್ ತುಂಬ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿ, ಆಮೇಲೆ ಹೊರಗೆ ಬಂದು ಹಾಗೇ ಮಾಡಿದರು. ದೊಡ್ಡ ಮನಸ್ಸು ಬೇಕು ಅದಕ್ಕೂ.

ಚಹಾದ ಹೊತ್ತಿಗೆ ಟೆಸ್ಟರ್ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಶುರುಮಾಡಿದರು.

“ಬಿಡಿ ಮೇಡಂ. ಮನೇಲೂ ಹೆಚ್ಚುಕಮ್ಮಿ ಅದೇ ಹೆಸರು ನನಗೆ. ಬಾಗಿಲ ಚಿಲಕ ಮೂರು ಸಲ ನೋಡ್ತೀನಿ ಅಂತ ನಮ್ಮವಳು ಬೈತಾಳೆ.”

“ಆ ಚಿತ್ರ ಇಟ್ಕೊಂಡು ನನ್ನ ಮರ್ಯಾದೆ ತೆಗೀಬಹುದಿತ್ತು ನೀವು.”

“ತೆಗೆದು ಏನು ಮಾಡ್ಲಿ?” ಎಂದರು. ಆಮೇಲೆ ಲೋಟ ಕೆಳಗಿಡುತ್ತ, “ಮೇಡಂ, ನೀವು ಬೇರೆ ಯಾರಿಗೆಲ್ಲ ಕಳಿಸಿದ್ರಿ, ಒಂದ್ಸಲ ನೋಡ್ಕೊಳ್ಳಿ” ಎಂದರು.

ಅನುಮಾನದವರ ಮಾತು ಎಂದು ಈ ಸಲ ತಳ್ಳಿಹಾಕುವ ಹಾಗಿರಲಿಲ್ಲ. ಆದರೂ ಸಂಜೆ ಸರಿಪಡಿಸುವ ಕೆಲಸದಲ್ಲಿ ಮುಳುಗಿ ಮರೆತೇಬಿಟ್ಟೆ. ನಾಳೆ ನೋಡಬೇಕು.

ಮಾರ್ಚ್ ೧೯, ಬುಧವಾರ

ಮಾರ್ಚ್ ೭. ಯಾರಿಗೆ: ಗೋಳಿನ ಗಂಟು. ‘ರಿಲೀಸ್ ಇದೆ. ನೋಡ್ತೀನಿ.’

ಮಾರ್ಚ್ ೨೦, ಗುರುವಾರ

ನಿನ್ನೆ ಮುಂದೆ ಬರೆಯಲು ಆಗಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ‘ಯಾರಿಗೆ’ ಎಂಬ ಸಾಲು ಮಡಚಿಕೊಂಡಿರುತ್ತದೆ. ನನಗೆ ಬಂದ ಮೇಲ್ ಯಾರಿಗೆ ಬಂದದ್ದು ಎಂದು ನಾನೇಕೆ ನೋಡಲಿ? ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಅದು ಸದಾ ತೆರೆದಿರುವಂತೆ ಮಾಡಿಟ್ಟಿದ್ದೆ. ಕಂಡಕಂಡ ಜಾಹೀರಾತೆಲ್ಲ ತನಗೇ ಬರೆದದ್ದು ಎಂದು ಗಾಬರಿಯಾಗುತ್ತಿದ್ದಳು, ಅದಕ್ಕೆ. ಕಣ್ಣು ಮಂಜಾಗಿದೆ ಎಂದು ಆ ಸಾಲಿನ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಟ್ಟವಳೂ ನಾನೇ. ಈಗ ಕಾಣಿಸುತ್ತೆ ಕಣೇ, ಚೆನ್ನಾಗಿ ಕಾಣಿಸುತ್ತೆ ಎಂದು ಆವತ್ತು ಎಷ್ಟು ಖುಷಿಪಟ್ಟಿದ್ದಳು.

ಅವಳ ಮೇಲ್‌ಗಳಲ್ಲಿ ಮಡಚಿದ ಸಾಲನ್ನು ಒಂದೊಂದಾಗಿ ಬಿಚ್ಚಿದೆ. ಅವಳ ಪ್ರಯೋಗದ ಆವೃತ್ತಿಯಲ್ಲೂ ಅದೇ ದೋಷ ಇದೆಯಲ್ಲ. ಮಾರ್ಚ್ ಮೂರು, ನಾಲ್ಕು, ಐದು, ಆರು, ಏಳರ ಬೆಳಗ್ಗೆ. ಐದಕ್ಕೆ ಐದರಲ್ಲೂ ನನ್ನ ಹೆಸರು ‘ಸುಂಬಳಬುರುಕಿ’. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅವಳಿಗೆ ಇಪ್ಪತ್ತೆರಡು. ವರ್ಷವಿಡೀ ನನ್ನ ಮೂಗು ಸೋರುತ್ತಿತ್ತು. ಹೊಲಿಯುತ್ತ ಕುಳಿತವಳ ಪಕ್ಕಕ್ಕೆ ಹೋದರೆ ‘ಬಾರೇ ಸುಂಬಳಬುರುಕಿ’ ಎಂದು ಮಿಕ್ಕ ಬಟ್ಟೆ ಚೂರಿನಿಂದ ಒರೆಸುತ್ತಿದ್ದಳು. ಆ ಹೆಸರು ಕೇಳಿ ಮೂವತ್ತು ವರ್ಷವಾಗಿತ್ತು. ನಗು ಬಂತು, ಜೊತೆಗೇ ಕೈ ತಾನಾಗಿ ಮೂಗಿಗೆ ಹೋಯಿತು.

ಮಾರ್ಚ್ ಎಂಟು, ನೀನು ಬರೋದು ಬೇಡ ಎಂದು ಬರೆದದ್ದು. ಯಾರಿಗೆ: ಚಿಕ್ಕದಾಗಿ ಬರಿ.

ನನ್ನ ಹೆಸರು ಅಳಿಸಿ ಆ ಜಾಗದಲ್ಲಿ ಅವಳು ತನಗೆ ತಾನೇ ಒಂದು ಬುದ್ಧಿಮಾತು ಬರೆದುಕೊಂಡಿದ್ದಾಳೆ. ನನಗೆ ಬರೆಯಲು ಕುಳಿತಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು.

ಫೋನ್ ಮಾಡಿದೆ. ಕಣ್ಣು ಹೇಗಿದೆ ಎಂದೆ. ಚೆನ್ನಾಗಿದೆ. ಡ್ರಾಪ್ಸ್ ಹಾಕಿಕೊಳ್ತಿದೀಯಾ? ಹೂಂ. ನೋವಿದೆಯಾ? ಇಲ್ಲ. “ಅಕ್ಕಾ, ಆ ಹೆಸರು...” ಎಂದೆ. “ಒಲೆ ಮೇಲೆ ಹಾಲಿಟ್ಟಿದೀನಿ ಕಣೇ, ಇಡ್ತೀನಿ” ಎಂದಳು. ಹಾಲಿಟ್ಟಿದ್ದರೆ ಅದು ಉಕ್ಕಿದ ಕಥೆ ಹೇಳದೆ ಫೋನ್ ಇಡುವವಳಲ್ಲ ನಮ್ಮಕ್ಕ.

ಮಾರ್ಚ್ ೨೩, ಭಾನುವಾರ

ನಿನ್ನೆ ಹೋಗಿ ಇವತ್ತು ಬಂದೆ. ರೈಲಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಬಾಗಿಲು ತೆರೆದವಳು ಪಂಪಿನವಳು. ಡ್ರಾಪ್ಸ್ ಹಾಕಲು ದಿನಕ್ಕೆ ನಾಲ್ಕು ಸಲ ಬರುತ್ತಾಳಂತೆ. “ಓ, ತಂಗೀನಾ? ಆಪರೇಷನ್ ದಿನ ನಿಮಗೆ ತುಂಬಾ ಕೆಲ್ಸ ಇತ್ತಂತಲ್ಲ, ಅಕ್ಕ ಹೇಳ್ತಿದ್ರು” ಎಂದಳು. ಅಲ್ಲೂ ನನ್ನನ್ನು ಬಿಟ್ಟುಕೊಟ್ಟಿಲ್ಲ ಅವಳು.

ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೈಕಟ್ಟಿ ಕುಳಿತಿದ್ದಳು. ಮೂರು ವಾರ ಹೊಲಿಯಬಾರದಂತೆ. ಯೂನಿಫಾರ್ಮಿನ ಅಂಗಿಗಳು ಗುಂಡಿ ಕಾಣದೆ ರಾಶಿ ಬಿದ್ದಿದ್ದವು. ಉಭಯಕುಶಲೋಪರಿ ಮುಗಿದ ಮೇಲೆ ಪಂಪಿನವಳು ಹೊರಟಳು. ನಾನು ಅಕ್ಕನ ಕಾಲ ಹತ್ತಿರ ನೆಲದ ಮೇಲೆ ಕುಳಿತೆ. 

“ತಪ್ಪಾಯ್ತು ಅಕ್ಕಾ.”

“ಏನು ತಪ್ಪು? ಇದ್ದದ್ದೇ ಬರ್ದಿದೀಯ.”

“ತಮಾಷೆಗೆ ಇಟ್ಟಿದ್ದು. ಹೊರಗೆ ಹೋಗಬಾರದಿತ್ತು. ಪ್ರೋಗ್ರಾಮಿನ ದೋಷ ಅದು.”

“ಹೋಗಿದ್ದು ದೋಷ. ಇಟ್ಟಿದ್ದು?”

ನೆಲದ ಮೇಲೆ ಬಿದ್ದಿದ್ದ ಒಂದು ಗುಂಡಿ ಎತ್ತಿ ಯಂತ್ರದ ಮೇಲಿಟ್ಟೆ.

“ಆವತ್ತು ಕಣ್ಣು ಪೂರ್ತಿ ಮಂಜು ಕಣೇ” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಒಳಗೆ ನೀನು ಏನು ಬರ್ದಿದೀಯ ಅಂತಾನೂ ಓದಕ್ಕಾಗ್ಲಿಲ್ಲ, ಪಕ್ಕದವಳ ಹತ್ರ ಓದಿಸ್ದೆ. ನನಗೆ ಕಂಡಿದ್ದು ಅದೊಂದೇ. ಅಷ್ಟು ದೊಡ್ಡಕ್ಕೆ ಮಾಡಿಕೊಟ್ಟಿದ್ದೆಯಲ್ಲ.”

ಪಂಪಿನವಳ ಹತ್ತಿರ ಓದಿಸಿದ್ದಾಳೆ. ಅಂದರೆ ಅವಳೂ ನೋಡಿದ್ದಾಳೆ, ನೋಡಿಯೂ ನನಗೆ ಬಾಗಿಲು ತೆರೆದಿದ್ದಾಳೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

“ನಾನೂ ಯೋಚ್ನೆ ಮಾಡ್ದೆ. ಹೌದಲ್ಲ, ಪಾಪ, ಕೆಲಸದ ನಡುವೆ ದಿನಾ ಇದನ್ನೆಲ್ಲ ಓದಬೇಕಲ್ಲ ಇವಳು ಅಂತ. ಬಿಡು, ಈಗ ಕಲ್ತಿದೀನಿ.”

“ನಾನು ಓದ್ತಿರಲಿಲ್ಲ ಅಕ್ಕಾ.” ಯಾಕೆ ಹೇಳಿದೆನೋ ಗೊತ್ತಿಲ್ಲ. ಸುಳ್ಳಿನ ಮೇಲೆ ಕ್ಷಮೆ ಕೇಳುವುದು ಬೇಡ ಅನ್ನಿಸಿತೋ ಏನೋ. “ಮೂರು ಸಾಲು ಓದಿ ಮುಚ್ತಿದ್ದೆ.”

ಅವಳು ಕಪ್ಪು ಕನ್ನಡಕದ ಹಿಂದಿನಿಂದ ನನ್ನ ಕಡೆ ತಿರುಗಿದಳು. “ಅದು ನನಗೆ ಗೊತ್ತಿರ್ಲಿಲ್ಲ ನೋಡು” ಎಂದಳು. ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು. ನಾನು ಇಡುತ್ತೇನೆ ಎಂದರೆ ಬಿಡಲಿಲ್ಲ.

ಇವತ್ತು ಬೆಳಗ್ಗೆ ಅವಳ ಕಂಪ್ಯೂಟರಿಗೆ ಸರಿಪಡಿಸಿದ ಆವೃತ್ತಿ ಹಾಕಲು ಕುಳಿತೆ. ಇನ್ನು ಮುಂದೆ ಪುಸ್ತಕದ ಹೆಸರು ಬರೆದವರ ಪರದೆಯ ಮೇಲೆ ಮಾತ್ರ ಇರುತ್ತದೆ, ಹೊರಗೆ ಹೋಗುವುದು ಬರೀ ವಿಳಾಸ. ಹಾಕುವ ಮುಂಚೆ ಕೈ ತಡೆಯಿತು. ಇದನ್ನು ಹಾಕಿದರೆ ಅವಳು ನನ್ನನ್ನು ಏನೆಂದು ಕರೆಯುತ್ತಾಳೆ ಎಂದು ನನಗೆ ಎಂದೂ ಗೊತ್ತಾಗುವುದಿಲ್ಲ. ಹಾಕದಿದ್ದರೆ ಒಂದಲ್ಲ ಒಂದು ದಿನ ‘ಚಿಕ್ಕದಾಗಿ ಬರಿ’ ಹೋಗಿ ಹಳೆಯದು ಬಂದೀತೇ ಎಂದು ದಿನವೂ ನೋಡುತ್ತ ಇರಬಹುದು. ಯಾರಿಗೂ ತಿಳಿಯುವುದಿಲ್ಲ. ಪುಸ್ತಕ ತೆರೆದೇ ಇತ್ತು. ನಾನೇ ಒತ್ತಿ ತಿದ್ದಬಹುದಿತ್ತು ಕೂಡ.

ಅಕ್ಕ ಹಿಂದೆ ಬಂದು ನಿಂತಿದ್ದಳು. “ಏನು ಬೇಕಾದ್ರೂ ಸರಿಮಾಡು, ನನ್ನ ಪುಸ್ತಕ ಮಾತ್ರ ಮುಟ್ಟಬೇಡ” ಎಂದಳು.

ಮುಟ್ಟಲಿಲ್ಲ. ಹೊಸ ಆವೃತ್ತಿ ಹಾಕಿ ಎದ್ದೆ. ರೈಲು ಹೊರಡುವವರೆಗೆ ಹೊತ್ತಿತ್ತು, ಯೂನಿಫಾರ್ಮುಗಳಿಗೆ ಗುಂಡಿ ಹೊಲಿದೆ. ಹನ್ನೊಂದು ಅಂಗಿಯಾಯಿತು. ಅಕ್ಕ ಒಂದೊಂದನ್ನೂ ಬೆರಳಿನಲ್ಲಿ ಎಳೆದು ನೋಡಿ, ನಾಲ್ಕನ್ನು ಬಿಚ್ಚಿ ಮತ್ತೆ ಹೊಲಿ ಎಂದು ಕೈಗೆ ಕೊಟ್ಟಳು.

ಮಾರ್ಚ್ ೨೬, ಬುಧವಾರ

ನನ್ನ ಪುಸ್ತಕದ ಹೆಸರುಗಳನ್ನೆಲ್ಲ ತೆಗೆದೆ. ಕೆಲವಕ್ಕೆ ಬದಲು ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಟೆಸ್ಟರ್ ಇವತ್ತು ಇಪ್ಪತ್ತೆರಡು ವರದಿ ಕಳಿಸಿದರು. ಕುಳಿತು ಓದುವಷ್ಟರಲ್ಲಿ ಸಂಜೆಯಾಯಿತು. ಆರರಲ್ಲಿ ನಿಜವಾದ ದೋಷಗಳಿವೆ.

ಮಾರ್ಚ್ ೩೧, ಸೋಮವಾರ

ಅಕ್ಕನ ನಾಲ್ಕು ವರ್ಷದ ಮೇಲ್‌ಗಳನ್ನು ಮೊದಲಿನಿಂದ ಓದುತ್ತಿದ್ದೇನೆ. ದಿನಕ್ಕೆ ಹತ್ತು, ಹದಿನೈದು. ಎರಡನೇ ವರ್ಷದ ಮಳೆಗಾಲದಲ್ಲಿ ಅವಳು ಮೆಟ್ಟಿಲಿನಿಂದ ಬಿದ್ದು ಎಂಟು ದಿನ ಕೈ ಎತ್ತಲಾಗದೆ ಇದ್ದಳಂತೆ. ಹದಿನಾಲ್ಕನೇ ಸಾಲಿನಲ್ಲಿದೆ. ಅದಕ್ಕೆ ನನ್ನ ಉತ್ತರವನ್ನು ಹುಡುಕಿದೆ. ‘ಸರಿ, ಆಮೇಲೆ ಮಾತಾಡೋಣ’ ಎಂದು ಬರೆದಿದ್ದೇನೆ.

ಭಾವನ ಬಗ್ಗೆ ಅವಳು ಬರೆದದ್ದೆಲ್ಲ ಇಪ್ಪತ್ತನೇ ಸಾಲಿನ ಆಚೆಗೇ ಇದೆ. ಮೊದಲು ಪಂಪು, ನೀರು, ದಾರದ ಬಣ್ಣ ಎಂದು ಸುತ್ತಿ ಸುತ್ತಿ, ಕೊನೆಗೆ ಅಲ್ಲಿಗೆ ಬರುತ್ತಾಳೆ. ನಾನು ಯಾವತ್ತೂ ಅಲ್ಲಿಯವರೆಗೆ ಹೋಗಿರಲಿಲ್ಲ.

ಏಪ್ರಿಲ್ ೯, ಬುಧವಾರ

ಇವತ್ತು ಅಕ್ಕನ ಮೇಲ್ ಬಂತು. ಊರಿಂದ ಬಂದ ಮೇಲೆ ಇದು ಎರಡನೆಯದು.

‘ಸೂಜಿ ಪೋಣಿಸಿದೆ. ಒಂದೇ ಸಲಕ್ಕೆ ಆಯ್ತು. ಡ್ರಾಪ್ಸ್ ಒಂದು ಹೊತ್ತಿಗೆ ಇಳಿಸಿದಾರೆ. ಪಂಪು ಮತ್ತೆ ಶುರು.’

‘ಯಾರಿಗೆ’ ಎಂಬ ಸಾಲನ್ನು ಬಿಚ್ಚಿ ನೋಡಿದೆ. ಬರೀ ನನ್ನ ವಿಳಾಸ. ನಾನು ಬರೆದ ಕೋಡ್ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಪಂಪಿನ ಸಾಲನ್ನು ಎಷ್ಟು ಸಲ ಓದಿದೆನೋ. ಮೊದಲಾಗಿದ್ದರೆ ಇದಕ್ಕೇ ಒಂದೂವರೆ ಪುಟ ಆಗುತ್ತಿತ್ತು. ಕೂಡಲೇ ಉತ್ತರ ಬರೆದೆ. ಪಂಪು ಎಷ್ಟು ಹೊತ್ತಿಗೆ ಹಾಕ್ತಾಳೆ? ಗೋಡೆ ಈಗಲೂ ನಡುಗುತ್ತಾ? ಗುಂಡಿಗಳು ಬಿದ್ವಾ? ನೀನು ಅವಳಿಗೆ ಏನಂದೆ, ಅವಳು ಏನಂದ್ಲು? ಎಲ್ಲಾ ಬರಿ ಅಕ್ಕಾ, ಒಂದೂ ಬಿಡಬೇಡ, ಕೊನೇವರೆಗೂ ಓದ್ತೀನಿ. ನನ್ನ ಮೇಲ್ ಅವಳ ಹಳೆಯ ಮೇಲ್‌ಗಳಷ್ಟೇ ಉದ್ದವಾಯಿತು.

ಎರಡು ಗಂಟೆ ಕಳೆದ ಮೇಲೆ ಉತ್ತರ ಬಂತು.

‘ಐದೂವರೆಗೆ.’